ಟೀಟೋ ಪಡೆ ತಾನೇ ಗೆದ್ದಿತಾ, ರಷ್ಯನ್ನರು ಗೆಲ್ಲಿಸಿದ್ರಾ?

ಎರಡನೇ ಮಹಾಯುದ್ಧದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಯುಗೊಸ್ಲಾವಿಯದ ಗೆರಿಲ್ಲಾಗಳು ಜರ್ಮನ್ನರನ್ನು ತಾವೇ ಓಡಿಸಿದ್ರಾ, ಇಲ್ಲಾ ರಷ್ಯನ್ನರು ಗೆದ್ದು ಕೊಟ್ರಾ?" ನಮ್ಮ ಹಿರಿಯರಿಗೆ ಟೀಟೋ ಅಂದರೆ ನೆಹರೂ ಪಕ್ಕ ನಿಂತ ಅಲಿಪ್ತ ನಾಯಕ. ಯುದ್ಧದಲ್ಲಿ ಆ ಗೆರಿಲ್ಲಾಗಳ ನಾಯಕನೂ ಆತನೇ. ಆತನ ಈ ಪಾರ್ಟಿಸಾನ್ ಪಡೆ ಕೊನೆಯ ತಿಂಗಳುಗಳಲ್ಲಿ ಏನು ಮಾಡಿತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ರಾಜಧಾನಿ ಬೆಲ್‌ಗ್ರೇಡ್ ಮಟ್ಟಿಗೆ ರಷ್ಯನ್ನರ ಪಾಲು ದೊಡ್ಡದೇ. 1944ರ ಅಕ್ಟೋಬರ್ 20ರಂದು ಆ ನಗರ ಕೈಗೆ ಬಂದದ್ದು ಸೋವಿಯತ್ ಟ್ಯಾಂಕುಗಳ ಜೊತೆಗೆ. ಆಮೇಲೆ ಅವು ಹಂಗೇರಿ ಕಡೆ ಹೊರಟವು. ಪಾರ್ಟಿಸಾನರಿಗೆ ಉಳಿದದ್ದು ಸ್ರೆಮ್ ಬಯಲು.

ನಾನು ಯಾವಾಗಲೂ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಡಾನ್ಯೂಬ್ ಮತ್ತು ಸಾವಾ ನದಿಗಳ ನಡುವಿನ ಈ ನೆಲ ಬಹುಪಾಲು ಚಪ್ಪಟೆ. ಬೊಸ್ನಿಯದ ಬೆಟ್ಟಗಳಲ್ಲಿ ಹೊಡೆದು ಮಾಯವಾಗಿ ಅಭ್ಯಾಸವಿದ್ದವರು ಇಲ್ಲಿ ಕಂದಕ ತೋಡಿ, ಕೆಸರಲ್ಲೇ ಚಳಿಗಾಲ ಕಳೆಯಬೇಕಾಯಿತು. ಜರ್ಮನ್ನರೂ ಜಾಗ ಬಿಡುವಂತಿರಲಿಲ್ಲ. ಗ್ರೀಸ್ ಕಡೆಯಿಂದ ವಾಪಸಾಗುತ್ತಿದ್ದ ಅವರ ಸೈನ್ಯಕ್ಕೆ ದಾರಿ ಉಳಿಸಿಕೊಡಬೇಕಿತ್ತು. ಪಾರ್ಟಿಸಾನರು ಖಾಲಿಯಾದ ತಮ್ಮ ಸಾಲು ತುಂಬಲು ಸೆರ್ಬಿಯದ ಹುಡುಗರನ್ನು ಕರೆತಂದರು. ಎಷ್ಟೋ ಜನಕ್ಕೆ ಬಂದೂಕು ಹಿಡಿಯುವುದೇ ಸರಿಯಾಗಿ ಬರುತ್ತಿರಲಿಲ್ಲ. 1945ರ ಹೊಸ ವರ್ಷಕ್ಕೆ ಪಡೆಗಳನ್ನು ಒಂದನೇ, ಎರಡನೇ, ಮೂರನೇ ಸೇನೆ ಅಂತ ಕರೆದರು. ಹೆಸರಿಟ್ಟಷ್ಟು ಬೇಗ ಯುದ್ಧದ ರೀತಿ ಬದಲಾಗುತ್ತದಾ? ಏಪ್ರಿಲ್ 12ರಂದು ಪೆಕೊ ದಾಪ್ಚೆವಿಚ್‌ನ ಒಂದನೇ ಸೇನೆ ಆ ಸಾಲು ಒಡೆಯುವ ಹೊತ್ತಿಗೆ ಸುಮಾರು 13 ಸಾವಿರ ಜನ ಸತ್ತಿದ್ದರು. ಅಷ್ಟು ಸಾವು ಬೇಕಿತ್ತಾ ಅನ್ನುವ ಜಗಳ ಸೆರ್ಬಿಯದಲ್ಲಿ ಇನ್ನೂ ಮುಗಿದಿಲ್ಲ. ಇಷ್ಟೂ ಬೇಕಿರಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಅದೇ ವಸಂತದಲ್ಲಿ ಸಮುದ್ರದ ಕಡೆ ಕಥೆಯೇ ಬೇರೆ. ಮಾರ್ಚ್‌ನಲ್ಲಿ ಕಟ್ಟಿದ ನಾಲ್ಕನೇ ಸೇನೆಯ ಕಮಾಂಡರ್ ಪೆಟಾರ್ ದ್ರಾಪ್ಶಿನ್. ಸ್ಪೇನ್ ಅಂತರ್ಯುದ್ಧ ಕಂಡವನು, ವಯಸ್ಸು ಮೂವತ್ತು. ಅವನ ಹತ್ತಿರ ಬ್ರಿಟಿಷರು ಕೊಟ್ಟ ಸ್ಟುವರ್ಟ್ ಟ್ಯಾಂಕುಗಳಿದ್ದವು. ಮಾರ್ಚ್ ಕೊನೆಗೆ ಬೊಸ್ನಿಯದ ಬಿಹಾಚ್ ಪಟ್ಟಣ ಅವನ ಕೈಗೆ ಬಂತು. ಬಂದರು ನಗರ ರಿಯೇಕಾ ಎದುರಿನ ಜರ್ಮನ್ನರ ಗಟ್ಟಿ ಕೋಟೆಸಾಲಿನಲ್ಲಿ ಮುನ್ನಡೆ ನಿಂತಿತು. ದ್ರಾಪ್ಶಿನ್ ಅಲ್ಲೇ ತಲೆ ಚಚ್ಚಿಕೊಳ್ಳುತ್ತಾ ಕೂರಲಿಲ್ಲ. ಅಲ್ಲಿ ಒಂದಷ್ಟು ಪಡೆ ಬಿಟ್ಟು, ಉಳಿದವರನ್ನು ಸುತ್ತುಬಳಸಿ ಇಟಲಿಯ ಬಂದರು ನಗರ ಟ್ರಿಯೆಸ್ಟ್‌ಗೆ ಕಳಿಸಿದ. ಬಯಲಲ್ಲಿ ಮರೆತಿದ್ದ ಹಳೇ ಗೆರಿಲ್ಲಾ ಬುದ್ಧಿ ಇದೇ ಅಲ್ವಾ?

ಹಾಗಾಗಿ ನನ್ನ ಉತ್ತರ ಇಷ್ಟು: ಬೆಲ್‌ಗ್ರೇಡ್ ದಾಟಿದ ಮೇಲೆ ಹೆಚ್ಚಿನ ಹೋರಾಟ ಅವರದೇ. ಕೈಯಲ್ಲಿದ್ದ ಆಯುಧ ಮಾತ್ರ ಬಹಳಷ್ಟು ರಷ್ಯನ್ನರದು, ಬ್ರಿಟಿಷರದು.

ಇದನ್ನು ಕೇಳಿ ಕೆಲವರು ಶಭಾಷ್ ಅನ್ನುತ್ತಾರೆ. ಆಗ ಮೇ ತಿಂಗಳ ಮಾತನ್ನೂ ಹೇಳಬೇಕಾಗುತ್ತದೆ. ಜರ್ಮನ್ನರ ಕಡೆಗಿದ್ದು ಶರಣಾದ ಸಾವಿರಾರು ಜನರನ್ನು ವಿಚಾರಣೆಯೇ ಇಲ್ಲದೆ ಕೊಂದದ್ದೂ ಇದೇ ಪಡೆ. ಅವರಲ್ಲಿ ಎಷ್ಟೋ ಜನರನ್ನು ಹಿಡಿದುಕೊಟ್ಟವರು ಬ್ರಿಟಿಷರು.

ಇನ್ನು ದ್ರಾಪ್ಶಿನ್ ಕಳಿಸಿದ ಪಡೆಯ ಕಥೆ: ಟ್ರಿಯೆಸ್ಟ್‌ಗೆ ಪಾರ್ಟಿಸಾನರು ಕಾಲಿಟ್ಟದ್ದು ಮೇ 1ಕ್ಕೆ. ಕೋಟೆಯೊಳಗಿದ್ದ ಜರ್ಮನ್ನರು ಇವರಿಗೆ ಶರಣಾಗಲು ಒಪ್ಪಲಿಲ್ಲ. ಮರುದಿನ ನ್ಯೂಜಿಲೆಂಡ್ ಸೈನಿಕರು ಬಂದ ಮೇಲೆ ಅವರಿಗೆ ಶರಣಾದರು. ಬ್ರಿಟನ್, ಅಮೆರಿಕದ ಒತ್ತಡಕ್ಕೆ ಮಣಿದು ಜೂನ್ 12ರಂದು ಪಾರ್ಟಿಸಾನರು ನಗರ ಬಿಟ್ಟು ಹೊರಟರು.