ಎಡರೆಕ್ಕೆಯ 3 ಮಿಲಿಮೀಟರ್

ಸಂಕ್ರಾಂತಿ ಕಳೆದ ಎರಡನೇ ಭಾನುವಾರ. ಲಕ್ಯಾ ಕಡೆ ನಮ್ಮ ಸೋದರಮಾವನ ಹೊಲದಲ್ಲಿ ರಾಗಿ ಕೊಯ್ದು, ಮೆದೆ ಒಟ್ಟಿ, ಬರೀ ಕೂಳೆ ನಿಂತಿತ್ತು. ನಡುವೆ ಎಂಬತ್ತು ಹೆಜ್ಜೆಯಷ್ಟು ಉದ್ದಕ್ಕೆ ಕೂಳೆ ಕೀಳಿಸಿ, ರೋಣಗಲ್ಲು ಹೊಡೆಸಿದ್ದರು ಮಾವ. "ನಿನ್ನ ವಿಮಾನ ಇಳಿಯೋಕೆ ಕಣ ಮಾಡಿಸಿದೀನಿ, ಬಾರೋ" ಎಂದು ಹಿಂದಿನ ರಾತ್ರಿ ಫೋನು ಮಾಡಿದ್ದರು. ಚಿಕ್ಕಮಗಳೂರಿಂದ ಪಡುವಣಕ್ಕೆ ಹೋದರೆ ಕಾಫಿ ತೋಟ, ಸಿಲ್ವರ್ ಮರ, ಗುಡ್ಡ. ರಿಮೋಟಿನಲ್ಲಿ ಹಾರಿಸುವ ಮಾಡೆಲ್ ವಿಮಾನ ಇಳಿಸಲು ಅಂಗೈಯಗಲ ಜಾಗವಿಲ್ಲ. ಮೂಡಣಕ್ಕೆ ಲಕ್ಯಾ, ಕಡೂರು ದಿಕ್ಕಿಗೆ ತಿರುಗಿದರೆ ಬಯಲೋ ಬಯಲು. ಏಳೂವರೆಗೆ ನಾನು ತಲುಪಿದಾಗ ಗಾಳಿ ಇನ್ನೂ ಎದ್ದಿರಲಿಲ್ಲ. ಹಿಂದೆ ಮುಳ್ಳಯ್ಯನಗಿರಿಯ ಸಾಲು ಮಂಜಿನಿಂದ ಮೆಲ್ಲಗೆ ಹೊರಬರುತ್ತಿತ್ತು.

ವಿಮಾನ ನಾನೇ ಕಟ್ಟಿದ್ದು. ಬಾಲ್ಸಾ ಮರದ ರಿಬ್ಬು, ಸ್ಪಾರು, ಮೇಲೆ ಬಿಸಿಗೆ ಕುಗ್ಗುವ ಫಿಲ್ಮು. ರೆಕ್ಕೆಯ ತುದಿಯಿಂದ ತುದಿಗೆ 1.4 ಮೀಟರ್. ಇದನ್ನು ಪ್ಯಾಟರ್ನ್ ವಿಮಾನ ಅನ್ನುತ್ತಾರೆ. ಇದರ ಪೈಪೋಟಿ ವರ್ಗಕ್ಕೆ ಎಫ್‌3ಎ ಎಂದು ಹೆಸರು. ಅಲ್ಲಿ ವಿಮಾನದ ಉದ್ದ, ರೆಕ್ಕೆಯ ತುದಿಯಿಂದ ತುದಿಯ ಅಳತೆ ಎರಡೂ 2 ಮೀಟರ್ ದಾಟಬಾರದು. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಅಲ್ಲಿ ವೇಗಕ್ಕೆ ಅಂಕವಿಲ್ಲ, ಗದ್ದಲಕ್ಕೂ ಇಲ್ಲ. ಗೆರೆ ಗೆರೆಯಂತೆ ಇದೆಯೇ, ವೃತ್ತ ದುಂಡಗಿದೆಯೇ, ಚೌಕದ ನಾಲ್ಕು ಮೂಲೆ ಒಂದೇ ಅಳತೆಯವೇ, ಅಷ್ಟನ್ನೇ ನೋಡುತ್ತಾರೆ. ಆಕಾಶದಲ್ಲಿ ರಂಗೋಲಿ ಹಾಕಿದ ಹಾಗೆ. ನನ್ನನ್ನು ಈ ಹುಚ್ಚಿಗೆ ಎಳೆದದ್ದು ಅದೇ.

ಕಲಿಯುವವರ ವಿಮಾನದ ರೆಕ್ಕೆ ಬೇರೆ ಜಾತಿಯದು. ಅದರ ತಳ ಚಪ್ಪಟೆ, ಮೇಲ್ಭಾಗ ಉಬ್ಬು. ಎರಡು ತುದಿಗಳೂ ಮೇಲಕ್ಕೆ ಎತ್ತಿಕೊಂಡಿರುತ್ತವೆ. ಕೈಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಪ್ಯಾಟರ್ನ್ ವಿಮಾನಕ್ಕೆ ಆ ಗುಣ ಬೇಡವೇ ಬೇಡ. ಅದು ಮಗುಚಿಕೊಂಡಾಗಲೂ ಅಷ್ಟೇ ಚೆನ್ನಾಗಿ ಹಾರಬೇಕು, ಇಟ್ಟ ಭಂಗಿಯಲ್ಲೇ ಇರಬೇಕು. ಹಾಗಾಗಿ ಮೇಲೂ ಕೆಳಗೂ ಒಂದೇ ಉಬ್ಬಿನ ರೆಕ್ಕೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಕಲಿಯುವವರ ವಿಮಾನದಲ್ಲಿ ರೆಕ್ಕೆಯ ತುದಿಯ ಮುಂದಿನ ಅಂಚನ್ನು ಬೇಕೆಂದೇ ತುಸು ಕೆಳಮುಖವಾಗಿ ತಿರುಚಿರುತ್ತಾರೆ, ನಿಧಾನವಾದಾಗ ತುದಿ ಮೊದಲು ಸೋಲದಿರಲಿ ಎಂದು. ಪ್ಯಾಟರ್ನ್ ವಿಮಾನಕ್ಕೆ ಆ ಉಪಾಯ ನಡೆಯುವುದಿಲ್ಲ. ತಲೆಕೆಳಗಾದ ಕ್ಷಣ ಕಾಪಾಡುವ ಆ ತಿರುವೇ ಕೆಡವುವ ತಿರುವಾಗುತ್ತದೆ. ಇಲ್ಲಿ ರೆಕ್ಕೆ ನಿಜಕ್ಕೂ ನೇರವಾಗಿರಬೇಕು. ಬೇರೆ ದಾರಿಯಿಲ್ಲ.

ನನ್ನದು ಎಡಕ್ಕೆ ಬೀಳುತ್ತಿತ್ತು. ಸುಮ್ಮನೆ ಹಾರುವಾಗ ಏನೂ ತೊಂದರೆಯಿಲ್ಲ. ಚೌಕ ಲೂಪಿನ ಮೂಲೆಯಲ್ಲಿ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಫಲಕ) ಜೋರಾಗಿ ಎಳೆದರೆ ಸಾಕು, ಎಡರೆಕ್ಕೆ ಫಕ್ಕನೆ ಜಾರುತ್ತಿತ್ತು. ಇಳಿಸುವಾಗಲೂ ಅದೇ ಕಥೆ: ನೆಲಕ್ಕೆ ಒಂದು ಮಾರು ಇರುವಾಗ ಎಡತುದಿ ಮಣ್ಣಿಗೆ ಮುತ್ತಿಡುತ್ತಿತ್ತು. ಎರಡು ತಿಂಗಳು ನಾನು ದೂರಿದ್ದು ನನ್ನ ಬೆರಳನ್ನು. ಆಮೇಲೆ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿ ನೋಡಿದೆ, ಎಲಿವೇಟರಿನ ಚಲನೆ ತಗ್ಗಿಸಿದೆ. ನಮ್ಮೂರಿನ ಎತ್ತರವನ್ನೂ ಲೆಕ್ಕ ಹಾಕಿದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಕಡಲತೀರಕ್ಕಿಂತ ನೂರಕ್ಕೆ 9ರಷ್ಟು ತೆಳು, ಹಾಗಾಗಿ ವಿಮಾನ ತುಸು ಹೆಚ್ಚು ವೇಗದಲ್ಲೇ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಅದು ನಿಜವೇ. ಆದರೆ ತೆಳು ಗಾಳಿ ಎರಡು ರೆಕ್ಕೆಗೂ ತೆಳುವೇ ಅಲ್ಲವೇ? ಎಡಕ್ಕೇ ಯಾಕೆ?

ಒಂದು ಪಕ್ಕ ಭಾರವಿರಬಹುದು ಎಂದು ಮೂಗಿಗೂ ಬಾಲಕ್ಕೂ ದಾರ ಕಟ್ಟಿ ತೂಗಿದ್ದೆ, ಸಮವಾಗಿ ನಿಂತಿತ್ತು. ಅವತ್ತು ಬೆಳಿಗ್ಗೆ ಗಾಳಿಯಲ್ಲೂ ಪರೀಕ್ಷೆ ಮಾಡಿದೆ. ನೇರ ಹಾರಿಸಿ ಏಲೆರಾನಿನಿಂದ (ವಿಮಾನವನ್ನು ಎಡಬಲಕ್ಕೆ ಉರುಳಿಸುವ, ರೆಕ್ಕೆಯ ಹಿಂದಿನ ಅಂಚಿನ ಫಲಕ) ಕೈ ತೆಗೆದೆ, ಅಲುಗಲಿಲ್ಲ. ಮಗುಚಿ ಹಾರಿಸಿ ಕೈ ತೆಗೆದೆ, ಆಗಲೂ ಇಲ್ಲ. ಎಡಪಕ್ಕ ಭಾರವಾಗಿದ್ದರೆ ನೇರದಲ್ಲಿ ಕೂರಿಸಿದ ಟ್ರಿಮ್ಮೂ (ಏಲೆರಾನಿಗೆ ಕೊಟ್ಟ ಕಾಯಂ ಓರೆ) ಆ ಭಾರವೂ ಮಗುಚಿದಾಗ ಒಂದೇ ಕಡೆಗೆ ಸೇರಿ ತಕ್ಷಣ ಉರುಳಿಸುತ್ತಿದ್ದವು. ಹಾಗಾಗಲಿಲ್ಲ. ಮಗುಚಿದಲ್ಲೇ ಎಲಿವೇಟರನ್ನು ಜೋರಾಗಿ ತಳ್ಳಿದೆ. ಈ ಸಲ ನೆಲದ ಕಡೆಗೆ ಬಿದ್ದದ್ದು ಬಲರೆಕ್ಕೆ. ಇಳಿಸಿ, ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕೂತೆ. ಎಡ ಏಲೆರಾನು ಒಂದು ಮಿಲಿಮೀಟರ್ ಮೇಲೆದ್ದು ಕೂತಿತ್ತು, ಬಲದ್ದು ಅಷ್ಟೇ ಕೆಳಗೆ. ಮೊದಲ ದಿನ ನೇರ ಹಾರಲಿ ಎಂದು ನಾನೇ ಕೊಟ್ಟ ಟ್ರಿಮ್ ಅದು. ಅಷ್ಟು ಟ್ರಿಮ್ ಯಾಕೆ ಬೇಕಾಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮಾವನ ಮನೆಗೆ ಹೊಸ ಬಾಗಿಲು ಮಾಡಲು ಆಚಾರ್ರು ಬಂದಿದ್ದರು. ಜಗುಲಿಯ ಮುಂದೆ ಹಲಗೆಗೆ ಹತ್ತರಿ ಹೊಡೆಯುತ್ತಿದ್ದವರು, ನಾನು ರೆಕ್ಕೆ ಬಿಚ್ಚಿ ತಂದದ್ದು ನೋಡಿ ಕೈ ನಿಲ್ಲಿಸಿದರು.

"ಆಗಿಂದ ನೋಡ್ತಾ ಇದೀನಿ ಸ್ವಾಮಿ. ಯಾವಾಗ್ಲೂ ಒಂದೇ ಕಡೀಕೆ ಬೀಳ್ತದಲ್ಲ?"

"ಹೌದು ಆಚಾರ್ರೆ. ರೆಕ್ಕೆ ತಿರುಚಿದೆಯೇನೋ ಅಂತ ಅನುಮಾನ. ಕಣ್ಣಿಗೆ ಕಾಣ್ತಾ ಇಲ್ಲ."

"ಬರೀ ಕಣ್ಣಿಗೆ ಕಾಣಕಿಲ್ಲ. ಕೊಡಿ ಇಲ್ಲಿ."

ಅವರು ಎರಡು ಅಡಿ ಉದ್ದದ ಎರಡು ಪಟ್ಟಿ ಆರಿಸಿ, ಎರಡರ ಅಂಚನ್ನೂ ಹತ್ತರಿಯಿಂದ ನೇರ ಮಾಡಿದರು. ಬಾಗಿಲ ಹಲಗೆ ತಿರುಚಿದೆಯೋ ಇಲ್ಲವೋ ಅಂತ ನೋಡೋದೇ ಹಿಂಗೆ ಅಂದರು: ಆ ತುದಿಗೊಂದು ಪಟ್ಟಿ, ಈ ತುದಿಗೊಂದು ಪಟ್ಟಿ ಅಡ್ಡ ಇಟ್ಟು, ಕೂತು, ಒಂದು ಕಣ್ಣು ಮುಚ್ಚಿ, ಎರಡರ ಅಂಚೂ ಒಂದಕ್ಕೊಂದು ಕೂಡುತ್ತವೆಯೇ ಎಂದು ನೋಡುವುದು. ರೆಕ್ಕೆಯ ಮೈ ಉಬ್ಬಿದ್ದರಿಂದ ಪಟ್ಟಿ ನಿಲ್ಲಲಿಲ್ಲ. ಅವರೇ ಯೋಚಿಸಿ ಪಟ್ಟಿಗಳಿಗೆ ಕಚ್ಚು ಕೊಟ್ಟರು, ರೆಕ್ಕೆಯ ಮುಂದಿನ ಅಂಚು ಒಂದು ಕಚ್ಚಿನಲ್ಲಿ, ಹಿಂದಿನ ಅಂಚು ಇನ್ನೊಂದರಲ್ಲಿ ಕೂರುವ ಹಾಗೆ. ರಬ್ಬರ್ ಬ್ಯಾಂಡು ಹಾಕಿ ಬಿಗಿದೆವು. ಒಂದು ಪಟ್ಟಿ ಬುಡಕ್ಕೆ, ಒಂದು ಎಡತುದಿಗೆ.

ಆಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಉಸಿರು ಕೂಡ ಹಿಡಿದಿದ್ದರು. ಎದ್ದು, "ನೀವೇ ನೋಡಿ" ಅಂದರು.

ನಾನು ಕೂತೆ. ಹತ್ತಿರದ ಪಟ್ಟಿಯ ಅಂಚಿಗೆ ದೂರದ ಪಟ್ಟಿ ಒಂದು ಕೊನೆಯಲ್ಲಿ ಸರಿಯಾಗಿ ಕೂಡಿತ್ತು. ಇನ್ನೊಂದು ಕೊನೆಯಲ್ಲಿ ಕೂದಲಿನಂಥ ಬೆಳಕಿನ ಗೆರೆ ಕಾಣಿಸಿ, ಅಗಲವಾಗುತ್ತಾ ಹೋಗಿತ್ತು. ಬಲರೆಕ್ಕೆಗೆ ಇಟ್ಟು ನೋಡಿದೆವು, ಬೆಳಕೇ ಇಲ್ಲ. ಎಡತುದಿಯ ಮುಂದಿನ ಅಂಚು ಇರಬೇಕಾದ್ದಕ್ಕಿಂತ 3 ಮಿಲಿಮೀಟರ್ ಎತ್ತರದಲ್ಲಿತ್ತು. ತುದಿಯಲ್ಲಿ ರೆಕ್ಕೆಯ ಅಗಲ 18 ಸೆಂಟಿಮೀಟರ್. ಅಂದರೆ ಹತ್ತಿರ ಹತ್ತಿರ ಒಂದು ಡಿಗ್ರಿ. ಗಾಳಿಗೆ ಅಷ್ಟು ಹೆಚ್ಚು ಓರೆಯಾಗಿ ನಿಂತ ಎಡತುದಿ ಪ್ರತಿ ಮೂಲೆಯಲ್ಲೂ ಬಲತುದಿಗಿಂತ ಒಂದು ಡಿಗ್ರಿ ಮೊದಲೇ ಗಾಳಿಯ ಹಿಡಿತ ಕಳೆದುಕೊಳ್ಳುತ್ತಿತ್ತು. ಮಗುಚಿದಾಗ ಲೆಕ್ಕ ತಿರುಗಿ ಆ ಸರದಿ ಬಲದ್ದಾಗುತ್ತಿತ್ತು. ಬೆಳಗಿನ ಪರೀಕ್ಷೆ ಹೇಳಿದ್ದೂ ಅದನ್ನೇ.

ಕಾರಣ ಹೊಳೆಯಲು ತಡವಾಗಲಿಲ್ಲ. ಕಟ್ಟಿ ಮುಗಿಸಿದ್ದು ಜೂನಿನಲ್ಲಿ. ಮಳೆಗಾಲ ಪೂರಾ ರೆಕ್ಕೆಯನ್ನು ಅಟ್ಟದ ಮೇಲೆ ಒಂದು ಮೂಲೆಗೆ ಆನಿಸಿ ಇಟ್ಟಿದ್ದೆ. ನಮ್ಮೂರ ಆಷಾಢದ ಥಂಡಿಗೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಬಾಲ್ಸಾ ಅಂಥ ಹಗುರ ಮರ ಆ ತೇವ ಕುಡಿದು, ಆನಿಸಿಟ್ಟ ಭಂಗಿಯಲ್ಲೇ ನೆಲೆನಿಂತಿದೆ.

ಫಿಲ್ಮು ಹೊದಿಸಿದ ರೆಕ್ಕೆಯ ಒಂದು ಪುಣ್ಯವೆಂದರೆ ಅದನ್ನು ತಿದ್ದಬಹುದು. ಅತ್ತೆ ಇಸ್ತ್ರಿಪೆಟ್ಟಿಗೆ ತಂದುಕೊಟ್ಟರು. ಆಚಾರ್ರು ಎಡತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಅಂಚನ್ನು ಕೆಳಕ್ಕೆ ತಿರುಚಿದರು, ಬೇಕಾದ್ದಕ್ಕಿಂತ ತುಸು ಹೆಚ್ಚೇ. ಫಿಲ್ಮಿನ ಮೇಲೆ ಓರೆಯಾಗಿ ಸುಕ್ಕು ಎದ್ದವು. ಹಳೇ ಪಂಚೆಯ ತುಂಡು ಹಾಸಿ ನಾನು ಇಸ್ತ್ರಿ ಆಡಿಸಿದೆ. ಸುಕ್ಕುಗಳು ಒಂದೊಂದಾಗಿ ಎಳೆದುಕೊಂಡು ಮಾಯವಾದವು. ಮೇಲ್ಗಡೆ, ಕೆಳಗಡೆ, ಮತ್ತೆ ಮೇಲ್ಗಡೆ. ಪೂರ್ತಿ ಆರುವವರೆಗೆ ಅವರು ಕೈ ಸಡಿಲಿಸಲಿಲ್ಲ. ಬಿಟ್ಟ ಮೇಲೆ ಪಟ್ಟಿ ಇಟ್ಟು ನೋಡಿದರೆ ಅರ್ಧ ದಾರಿಗೆ ಬಂದಿತ್ತು. ಮೂರು ಸಲ ಮಾಡಿದೆವು. ಬೆಳಕಿನ ಗೆರೆ ಮುಚ್ಚಿಕೊಂಡಿತು.

ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಏಲೆರಾನುಗಳನ್ನು ಸರಿ ಮಧ್ಯಕ್ಕೆ ತಂದು ಹಾರಿಸಿದೆ. ನೇರ ಹೋಯಿತು. ಎತ್ತರಕ್ಕೆ ಒಯ್ದು ಮೋಟಾರು ನಿಲ್ಲಿಸಿ ಎಲಿವೇಟರ್ ಪೂರ್ತಿ ಎಳೆದೆ. ಮೂಗು ಬಾಗಿತು, ರೆಕ್ಕೆ ಎರಡೂ ಸಮವಾಗಿ ತಗ್ಗಿದವು. ಆಮೇಲೆ ಚೌಕ. ಒಂದನೇ ಮೂಲೆ, ಎರಡನೇ ಮೂಲೆ. ಮೂರನೆಯದರಲ್ಲಿ ನನಗೇ ತಿಳಿಯದೆ ಬಲಕ್ಕೆ ಒತ್ತಲು ಬೆರಳು ಹೊರಟಿತ್ತು, ತಡೆದುಕೊಂಡೆ. ಗೆರೆ ಅಲುಗಲಿಲ್ಲ. ಇಳಿಸುವಾಗ ಎರಡು ಗಾಲಿಯೂ ಒಟ್ಟಿಗೆ ನೆಲ ಮುಟ್ಟಿದ ಸದ್ದು ಕೇಳಿಸಿತು. ಮಾವ ಮೆದೆಯ ಹತ್ತಿರ ನಿಂತು "ಇವತ್ತು ಕಣಕ್ಕೆ ಸರಿಯಾಗಿ ಬಂತು ಕಣೋ" ಎಂದು ಕೂಗಿದರು.

ರೆಕ್ಕೆಯನ್ನು ಲಂಬವಾಗಿ ನಿಲ್ಲಿಸಿ, ರಡ್ಡರ್ (ಬಾಲದ ನೆಟ್ಟಗಿನ ಫಲಕ) ಬಲದಲ್ಲಿ ಅಡ್ಡಮೈಯಾಗಿ ಹಾರಿಸಿದರೆ ಇನ್ನೂ ಹೊಟ್ಟೆಯ ಕಡೆಗೆ ಎಳೆಯುತ್ತದೆ. ಅದಕ್ಕೆ ರಡ್ಡರಿನ ಜೊತೆ ತುಸು ಎಲಿವೇಟರ್ ಬೆರೆಸಬೇಕು, ಮುಂದಿನ ಭಾನುವಾರ ನೋಡಬೇಕು. ಹೊರಡುವಾಗ ಆಚಾರ್ರು ಆ ಎರಡು ಪಟ್ಟಿಗಳಿಗೆ ಪೆನ್ಸಿಲಿನಲ್ಲಿ "ಬುಡ", "ತುದಿ" ಎಂದು ಬರೆದು, ದಾರ ಸುತ್ತಿ, ವಿಮಾನದ ಪೆಟ್ಟಿಗೆಯೊಳಗೆ ಇಟ್ಟರು.