ಬೀಕರಿನಲ್ಲಿ ಹೆಪ್ಪಾದ ಮೊಸರು: ತಾಮ್ರದಿಂದ ಚಿನ್ನ ಇಳಿಸುವ ಸಾಹಸ, ಮೂರನೆಯ ಕಂತು

ಕೊನೆಗೂ ಬಂತು. ಬೀಕರಿನ ತಳದಲ್ಲಿ ಫಿಲ್ಟರ್ ಕಾಫಿಯ ಚರಟದಂಥ ಕಪ್ಪುಗಂದು ಪುಡಿ. ಯಾರಿಗೆ ತೋರಿಸಿದರೂ ಚೆಲ್ಲಿಬಿಡು ಎನ್ನುತ್ತಾರೆ. ಒಂಬತ್ತು ದಿನ ಇದರ ಹಿಂದೆ ಬಿದ್ದವನಿಗೆ ಮಾತ್ರ ಅದು ಚಿನ್ನ.

ಎಲೆಕ್ಟ್ರಾನಿಕ್ ಗುಜರಿಯಿಂದ ಚಿನ್ನದ ಲೇಪವಿರುವ ಪಿನ್ನುಗಳನ್ನು ಬಿಡಿಸಿದ್ದು, ಆಮ್ಲದಲ್ಲಿ ಕರಗಿಸಿದ್ದು, ಸೋಸಿದ್ದು ಹಿಂದಿನ ಕಂತುಗಳಲ್ಲೇ ಮುಗಿದಿದೆ. ಕೈಯಲ್ಲಿ ಉಳಿದದ್ದು ಸುಮಾರು 600 ಮಿಲಿಲೀಟರ್ ಕೊಳಕು ಹಸಿರು ದ್ರಾವಣ. ಅದರಲ್ಲಿ ಚಿನ್ನಕ್ಕಿಂತ ತಾಮ್ರ, ತವರ, ನಿಕಲ್, ಕಬ್ಬಿಣಗಳದ್ದೇ ದರ್ಬಾರು. ಇಂಥ ರಾಡಿಗೆ ನೇರವಾಗಿ ಮೆಟಾಬೈಸಲ್ಫೈಟ್ (ಕರಗಿದ ಚಿನ್ನವನ್ನು ಪುಡಿಯಾಗಿ ಇಳಿಸುವ ಲವಣ) ಸುರಿದು ಒಮ್ಮೆ ಪೆಟ್ಟು ತಿಂದಿದ್ದೇನೆ. ಅದರ ಬದಲು ತಾಮ್ರದ ತುಂಡನ್ನು ಇಳಿಬಿಟ್ಟರೆ, ತಾಮ್ರ ಕರಗಿ ಅದರ ಜಾಗದಲ್ಲಿ ಚಿನ್ನ ಪುಡಿಯಾಗಿ ಕೆಳಗೆ ಕೂರುತ್ತದೆ. ಬೆಳ್ಳಿ, ಪಲ್ಲೇಡಿಯಂ ಇದ್ದರೆ ಅವೂ ಜೊತೆಗೆ ಬರುತ್ತವೆ. ತವರ, ಕಬ್ಬಿಣ, ನಿಕಲ್, ಸೀಸ ಮೇಲೆಯೇ ಉಳಿಯುತ್ತವೆ. ಪಿನ್ನು ಕರಗಿಸಿ ಉಳಿದ ನೈಟ್ರಿಕ್ ಆಮ್ಲವನ್ನು ಸಲ್ಫಾಮಿಕ್ ಆಮ್ಲ ಹಾಕಿ ಮೊದಲೇ ಮುಗಿಸಿದ್ದೆ.

ಇನ್ನು ತಾಮ್ರದ ವಿಷಯ. ಎಲೆಕ್ಟ್ರಿಕಲ್ ಅಂಗಡಿಯವನು "ಅಪ್ಪಟ ತಾಮ್ರ ಸಾರ್" ಎಂದು ಆಣೆ ಇಟ್ಟು ಕೊಟ್ಟ ತಂತಿಯನ್ನು ಎರಡನೆಯ ಕಂತಿನಲ್ಲಿ ನಂಬಿದ್ದೆ. ಅದು ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ. ಹಾಲು ಉಕ್ಕಿದಂತೆ ಉಕ್ಕಿತು. ಅಲ್ಯೂಮಿನಿಯಂಗೆ ತರತಮವಿಲ್ಲ, ದ್ರಾವಣದಲ್ಲಿದ್ದ ತಾಮ್ರವನ್ನೂ ಚಿನ್ನದ ತಲೆಯ ಮೇಲೆಯೇ ಕೆಡವಿತು. ಆ ಕೆಂಪು ಸ್ಪಂಜನ್ನೆಲ್ಲ ಮತ್ತೆ ಕರಗಿಸಿದ ದ್ರಾವಣವೇ ಈಗ ಎದುರಿಗಿರುವುದು. ಅಂದಿನಿಂದ ಯಾವ ತಂತಿಯನ್ನೂ ಅರದಿಂದ ಉಜ್ಜಿ ನೋಡದೆ ಕೊಳ್ಳುವುದಿಲ್ಲ. ಒಳಗೆ ಬೆಳ್ಳಗೆ ಕಂಡರೆ ನಮಸ್ಕಾರ ಹೇಳಿ ಹೊರಡುತ್ತೇನೆ. ಈ ಸಲ ಅಟ್ಟದಲ್ಲಿ ಬಿದ್ದಿದ್ದ ಅಜ್ಜಿಯ ಕಾಲದ ಹಂಡೆಯ ಒಡೆದ ತಳದಿಂದ 48 ಗ್ರಾಂ ತೂಕದ ಪಟ್ಟಿಯೊಂದನ್ನು ಕತ್ತರಿಸಿಕೊಂಡೆ. ಅಮ್ಮನಿಗೆ ಹೇಳಲಿಲ್ಲ.

ರಾತ್ರಿ ತಾರಸಿಯ ಮೇಲೆ ಪಟ್ಟಿಯನ್ನು ಇಳಿಬಿಟ್ಟೆ. ಬೆಳಿಗ್ಗೆ ನೋಡಿದರೆ ಹಸಿರು ಹೋಗಿ ದ್ರಾವಣ ಗಾಢ ಕಂದಾಗಿದೆ. ಕರಗಿದ ಚಿನ್ನ ಇದ್ದರೆ ನೇರಳೆಯಾಗಿ ಹೇಳಿಬಿಡುವ ಸ್ಟ್ಯಾನಸ್ ಕ್ಲೋರೈಡ್ ಹನಿಸಿದರೆ ನೇರಳೆಯ ಸುಳಿವೇ ಇಲ್ಲ. ಅಂದರೆ ಚಿನ್ನವೆಲ್ಲ ಕೆಳಗೆ ಬಂದಾಗಿದೆ. ಕುಣಿಯುವಷ್ಟು ಸಂತೋಷವಾಯಿತು. ಪಟ್ಟಿಯನ್ನು ಎತ್ತಿ, ಬೇಗ ತಿಳಿಯಾಗಲಿ ಎಂದು ಒಂದು ಲೀಟರ್ ಭಟ್ಟಿ ಇಳಿಸಿದ ನೀರು ಸುರಿದೆ.

ಇಡೀ ಬೀಕರು ಬೆಳ್ಳಗಾಯಿತು. ಬಟ್ಟೆ ಒಣಹಾಕಲು ಬಂದ ಅಮ್ಮ ಬಗ್ಗಿ ನೋಡಿ, "ಇದೇನು, ಇದರಲ್ಲಿ ಮೊಸರಿಗೆ ಹೆಪ್ಪು ಹಾಕಿದ್ದೀಯಾ?" ಎಂದರು.

ಹೋಲಿಕೆಯಲ್ಲಿ ತಪ್ಪೇನೂ ಇರಲಿಲ್ಲ. ತಿಳಿಯನ್ನು ಬಗ್ಗಿಸಿ ಮತ್ತೆ ನೀರು ಹಾಕಿದೆ, ಇನ್ನಷ್ಟು ಬಿಳಿ ಬಂತು. ಸೋಸಲು ಹೋದರೆ ಫಿಲ್ಟರ್ ಕಾಗದ ಐದೇ ನಿಮಿಷದಲ್ಲಿ ಕಟ್ಟಿಕೊಂಡಿತು. ಒಂದು ಪೊಟ್ಟಣ ಕಾಗದ ಮುಗಿಯಿತು. ಚಿನ್ನ ಇರುವುದೆಲ್ಲ ಆ ಬಿಳಿ ಕೆಸರಿನ ಹೊಟ್ಟೆಯೊಳಗೆ.

ಮೊದಲ ಅನುಮಾನ ಬೆಳ್ಳಿಯ ಕ್ಲೋರೈಡಿನ ಮೇಲೆ. ಪಿನ್ನುಗಳ ಬೆಸುಗೆಯಲ್ಲಿ ಬೆಳ್ಳಿ ಇರುವುದುಂಟು. ಅಮೋನಿಯಾ ಹಾಕಿ ಕರಗುತ್ತದೆಯೇ ನೋಡು ಎಂದು ಗೆಳೆಯನೊಬ್ಬ ಹೇಳಿದ. ಚಿನ್ನ ಇರುವ ಪಾತ್ರೆಗೆ ದಯವಿಟ್ಟು ಯಾರೂ ಅಮೋನಿಯಾ ಹಾಕಬೇಡಿ. ಚಿನ್ನದ ದ್ರಾವಣವೂ ಅಮೋನಿಯಾವೂ ಸೇರಿದರೆ ಒಣಗಿದ ಮೇಲೆ ಮುಟ್ಟಿದರೆ ಸಿಡಿಯುವ ವಸ್ತು ಹುಟ್ಟುತ್ತದೆ. ಬೆಳ್ಳಿಯ ಕಥೆಯೂ ಹೆಚ್ಚು ಬೇರೆಯಲ್ಲ. ಬದಲಿಗೆ ಚಿಟಿಕೆಯಷ್ಟು ಬಿಳಿಯನ್ನು ಗಾಜಿನ ಮೇಲೆ ಹರಡಿ ಬಿಸಿಲಿಗಿಟ್ಟೆ. ಬೆಳ್ಳಿಯದಾಗಿದ್ದರೆ ಬೂದು ನೇರಳೆಗೆ ತಿರುಗಬೇಕಿತ್ತು. ಇನ್ನೊಂದು ಚಿಟಿಕೆಯನ್ನು ಕುದಿಯುವ ನೀರಿಗೆ ಹಾಕಿದೆ, ಸೀಸದ ಕ್ಲೋರೈಡ್ ಆದರೆ ಕರಗಬೇಕು. ಕರಗಲಿಲ್ಲ. ಸಂಜೆಗೆ ಹೋಗಿ ನೋಡಿದರೆ ಗಾಜಿನ ಮೇಲಿನದು ಪಾಚಿಯಂತೆ ಹಸಿರಾಗಿ ಕೂತಿದೆ.

ಹಸಿರು ಎಂದರೆ ತಾಮ್ರ. ಆಗ ಪಟ್ಟಿಯನ್ನು ತೂಗಬೇಕೆಂದು ಹೊಳೆಯಿತು. 31 ಗ್ರಾಂ! ಒಂದು ಗ್ರಾಂ ಚಿನ್ನ ಇಳಿಯಲು ಲೆಕ್ಕದ ಪ್ರಕಾರ ಬೇಕಾದದ್ದು ಅರ್ಧ ಗ್ರಾಮಿಗಿಂತ ತುಸು ಕಡಿಮೆ ತಾಮ್ರ. ನನ್ನ ಹಂಡೆ 17 ಗ್ರಾಂ ಕಳೆದುಕೊಂಡಿದೆ. ತಿಂದವರು ಯಾರು? ನೈಟ್ರಿಕ್ ಸ್ವಲ್ಪ ಉಳಿದಿದ್ದರೂ ಇಷ್ಟು ಹೊಟ್ಟೆ ಅದಕ್ಕಿರಲಿಲ್ಲ.

ತಿಂದದ್ದು ದ್ರಾವಣದಲ್ಲಿ ಮೊದಲೇ ಇದ್ದ ತಾಮ್ರ. ಹಸಿರು ಕ್ಯುಪ್ರಿಕ್ ಕ್ಲೋರೈಡಿಗೆ ತಾಮ್ರದ ಲೋಹ ಸಿಕ್ಕರೆ ಎರಡೂ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತವೆ. ಕರಗಿರುವ ಒಂದೊಂದು ಪರಮಾಣುವೂ ಪಟ್ಟಿಯಿಂದ ಇನ್ನೊಂದನ್ನು ಎಳೆದುಕೊಳ್ಳಬಲ್ಲದು. ಹೈಡ್ರೋಕ್ಲೋರಿಕ್ ಆಮ್ಲ ಗಟ್ಟಿಯಾಗಿರುವವರೆಗೆ ಈ ಕ್ಯುಪ್ರಸ್ ಕ್ಲೋರೈಡ್ ಕರಗಿಕೊಂಡೇ ಇರುತ್ತದೆ, ಆ ಗಾಢ ಕಂದು ಬಣ್ಣ ಅದರದೇ ಕಿತಾಪತಿ. ನೀರು ಬೆರೆತು ಆಮ್ಲ ತೆಳುವಾಯಿತೋ, ಬಿಳಿಯಾಗಿ ಉದುರುತ್ತದೆ. ಮೊಸರಿಗೆ ಹೆಪ್ಪು ಹಾಕಿದವನು ನಾನೇ, ಆ ಒಂದು ಲೀಟರ್ ನೀರಿನಿಂದ.

ಕಾರಣ ತಿಳಿದ ಮೇಲೆ ಪರಿಹಾರಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕೆಸರನ್ನೆಲ್ಲ ಒಂದೇ ಬೀಕರಿಗೆ ತಂದು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ಸುರಿದೆ. ಬಿಳಿ ಕರಗಿ ಕಂದಾಯಿತು, ತಳದಲ್ಲಿ ಚರಟ ಕಂಡಿತು. ತಿಳಿ ಬಗ್ಗಿಸುವುದು, ಮತ್ತೆ ಆಮ್ಲ, ಮತ್ತೆ ತಿಳಿ. ತೊಳೆದ ಆಮ್ಲ ಬಣ್ಣವಿಲ್ಲದೆ ಬರುವವರೆಗೆ ಒಂದು ಹನಿ ನೀರನ್ನೂ ಹತ್ತಿರ ಬಿಡಲಿಲ್ಲ. ಬಗ್ಗಿಸಿದ್ದಕ್ಕೆಲ್ಲ ಸ್ಟ್ಯಾನಸ್ ಪರೀಕ್ಷೆ ಮಾಡಿದೆ, ಚಿನ್ನ ಓಡಿಹೋಗಿರಲಿಲ್ಲ. ಅಕ್ವೇರಿಯಂ ಪಂಪಿನಿಂದ ಗಾಳಿಯ ಗುಳ್ಳೆ ಬಿಟ್ಟರೆ ಬಿಳಿ ಹುಟ್ಟುವುದೇ ಇಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಗಾಳಿ ಅದನ್ನು ಮತ್ತೆ ಕ್ಯುಪ್ರಿಕ್ ಮಾಡುತ್ತದೆ, ಅದು ಮತ್ತೆ ಹಂಡೆಗೆ ಬಾಯಿ ಹಾಕುತ್ತದೆ. ನನ್ನ ಬಳಿ ಇರುವುದು ಒಂದೇ ಹಂಡೆ.

ಆಮ್ಲ ತರುವುದೂ ಒಂದು ಯಾತ್ರೆ. ಗುರುತಿನ ಚೀಟಿ, ವಿಳಾಸ, ಉದ್ದೇಶ ಎಲ್ಲವನ್ನೂ ಅಂಗಡಿಯ ಪುಸ್ತಕದಲ್ಲಿ ಬರೆಯಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಬಂದ ಕಟ್ಟುಪಾಡು, ಇರಲೇಬೇಕಾದದ್ದು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅಷ್ಟೆಲ್ಲ ಬರೆಸಿಕೊಂಡು ಕೊಟ್ಟ ಡಬ್ಬಿಯ ಮೇಲೆ. ಶುದ್ಧ ಎಂಬ ಚೀಟಿ ಹಚ್ಚಿಕೊಂಡ ಆ ಆಮ್ಲ ಕಬ್ಬಿಣ ಕುಡಿದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಪುಡಿ ಒಣಗಿದ ಮೇಲೆ 0.94 ಗ್ರಾಂ ತೂಗಿತು, ಹತ್ತಿರ ಹತ್ತಿರ ಎಂಟು ಗುಲಗಂಜಿ. ಇದು ಅಪರಂಜಿಯಲ್ಲ, ತಾಮ್ರದ ಚೂರುಗಳೂ ಸೇರಿವೆ. ಮತ್ತೊಮ್ಮೆ ಕರಗಿಸಿ, ಈ ಸಲ ಮೆಟಾಬೈಸಲ್ಫೈಟಿನಿಂದ ಇಳಿಸಿ, ಆಮೇಲೆ ಮೂಸೆಗೆ ಹಾಕುವುದು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಹುಡುಕುತ್ತಿದ್ದ ಜಾಲಗಾರರ ತಾಳ್ಮೆ ನನಗೆ ಈಗ ಅರ್ಥವಾಗುತ್ತಿದೆ.

ಆದರೆ ಪೂರ್ತಿ ಮೂಸೆಗೆ ಹೋಗುವುದಿಲ್ಲ. ಸ್ಟ್ಯಾನಸ್ ಪರೀಕ್ಷೆಯ ಹಳೆಯ ಹತ್ತಿ ತುಂಡುಗಳನ್ನು ಎಸೆಯದೆ ಇಟ್ಟಿದ್ದೇನೆ, ಆ ನೇರಳೆ ಹೇಗಿದೆ ಅಂತೀರಿ! 17ನೆಯ ಶತಮಾನದ ಜರ್ಮನ್ ವೈದ್ಯ ಕ್ಯಾಸಿಯಸ್‌ನ ಹೆಸರು ಅಂಟಿಕೊಂಡಿರುವ ಬಣ್ಣ ಅದು. ಗಾಜಿಗೂ ಪಿಂಗಾಣಿಗೂ ಮಾಣಿಕ್ಯದ ಕೆಂಪು ಕೊಟ್ಟದ್ದು ಅದೇ. ಒಂದು ಗುಲಗಂಜಿ ತೂಕ ಎತ್ತಿಟ್ಟುಕೊಂಡು ತಾಮ್ರದ ಬಿಲ್ಲೆಯ ಮೇಲೆ ಎನಾಮೆಲ್ (ಕಾಯಿಸಿ ಹಿಡಿಸುವ ಬಣ್ಣದ ಗಾಜಿನ ಲೇಪ) ಮಾಡಬೇಕು ಎಂದಿದ್ದೇನೆ. ಸಣ್ಣ ಕುಲುಮೆಗೆ ಇಟ್ಟಿಗೆ ಬಂದಿದೆ, ಕಾಯಿಸುವ ಸುರುಳಿ ಬರಬೇಕು. ಮೂರು ವಾರದಿಂದ "ನಾಳೆ ಸಾರ್" ಎಂದೇ ಕೇಳುತ್ತಿದ್ದೇನೆ.

ಸದ್ಯ ಮೂಲೆಯ ಬಕೆಟ್ಟಿನಲ್ಲಿ ಉಳಿದ ದ್ರಾವಣಕ್ಕೆ ತುಕ್ಕು ಮೊಳೆಗಳನ್ನು ಹಾಕಿಟ್ಟಿದ್ದೇನೆ. ಕಬ್ಬಿಣ ತಾಮ್ರವನ್ನು ಇಳಿಸುತ್ತಿದೆ, ಆಮೇಲೆ ಸುಣ್ಣ ಹಾಕಿ ಉಳಿದದ್ದನ್ನು ಕೂರಿಸಬೇಕು. ಮೊಳೆಗಳ ಸುತ್ತ ಕೆಂಪು ಪುಡಿ ಕಟ್ಟಿರುವುದನ್ನು ಅಮ್ಮ ನಿನ್ನೆ ನೋಡಿದರು. ಏನಿದು ಎಂದು ಕೇಳಿದಾಗ ತಾಮ್ರ ಎಂದು ಬಾಯಿ ಬಿಟ್ಟೆ. ಅವರು ಅಟ್ಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.