ಹೆಸರಿನ ಅರ್ಥ ಹಿಡಿದು ಗಿಡ ನೋಡುವುದು: ಫಲಕಗಳ ಕೆಲಸ ಎಲ್ಲಿಗೆ ಬಂತು

ವಿಜಯಪುರದ ಹೊರವಲಯದಲ್ಲಿ ನಾವು ಬೆಳಗಿನ ಹೊತ್ತು ನಡೆಯುವ ದಾರಿಯ ಗಿಡಮರಗಳಿಗೆ ಹೆಸರಿನ ಫಲಕ ಬರೆಯುವ ಕೆಲಸ ಈ ಹಿಂಗಾರಿಯಲ್ಲಿ ಚೆನ್ನಾಗಿ ಮುಂದುವರಿದಿದೆ. ದಾರಿಯ ಪಕ್ಕದ ಹೊಲಗಳ ಬೆಳೆಗಳನ್ನೂ ಸೇರಿಸಿಕೊಂಡಿದ್ದೇನೆ. ತಗಡಿನ ಫಲಕದ ಮೇಲೆ ಮೊದಲು ಕನ್ನಡ ಹೆಸರು, ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಲ್ಯಾಟಿನ್ ಹೆಸರು, ಮೂರನೆಯ ಸಾಲಿನಲ್ಲಿ ಅದರ ಅರ್ಥ. ಈ ಸಲ ನಾಲ್ಕನೆಯ ಸಾಲೊಂದು ಬಂದಿದೆ: ‘ಎಲ್ಲಿ ನೋಡಬೇಕು’.

ಆ ಸಾಲಿಗೆ ಕಾರಣ ಹೇಳಬೇಕು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ಗಿಂತ ಮೊದಲು ಯುರೋಪಿನ ಪಂಡಿತರು ಒಂದು ಗಿಡಕ್ಕೆ ಒಂದು ಉದ್ದನೆಯ ವಾಕ್ಯವನ್ನೇ ಹೆಸರಾಗಿ ಬರೆಯುತ್ತಿದ್ದರು. 1753ರ ‘ಸ್ಪೀಶೀಸ್ ಪ್ಲಾಂಟಾರಮ್’ನಲ್ಲಿ ಲಿನೇಯಸ್ ಆ ವಾಕ್ಯಗಳನ್ನು ಉಳಿಸಿಕೊಂಡೇ ಪುಟದ ಅಂಚಿನಲ್ಲಿ ಒಂದೊಂದು ಪದ ಇಟ್ಟ. ಕುಲದ (ಹತ್ತಿರದ ಗಿಡಗಳ ಗುಂಪಿನ) ಹೆಸರಿನ ಜೊತೆ ಆ ಪದ ಸೇರಿ ಎರಡು ಪದಗಳ ಹೆಸರಾಯಿತು. ಗಿಡದ ಮೈಮೇಲಿನ ಹತ್ತಾರು ಗುರುತುಗಳಲ್ಲಿ ಒಂದನ್ನು ಆರಿಸಿ ಬೆರಳಿಟ್ಟು ತೋರಿಸುವ ಹೆಸರುಗಳು ಇವುಗಳಲ್ಲಿ ಬಹಳ. ಅಂಥ ಹೆಸರಿನ ಅರ್ಥ ಮಾತ್ರ ಬರೆದು, ಗಿಡದ ಯಾವ ಭಾಗ ನೋಡಬೇಕೆಂದು ಹೇಳದೆ ಬಿಟ್ಟರೆ ಓದಿದವನು ಮುಂದೆ ನಡೆದುಬಿಡುತ್ತಾನೆ.

ಮೊದಲು ಬರೆದದ್ದು ತಂಗಡಿಗೆ. ಸೆನ್ನಾ ಆರಿಕ್ಯುಲೇಟಾ, ಎರಡನೆಯ ಪದಕ್ಕೆ ‘ಕಿವಿಯುಳ್ಳದ್ದು’ ಎಂದು ಅರ್ಥ. ಹಳದಿ ಹೂವಿನಲ್ಲಿ ಕಿವಿ ಹುಡುಕಿದರೆ ಸಿಗುವುದಿಲ್ಲ. ಎಲೆಯ ತೊಟ್ಟು ರೆಂಬೆಗೆ ಕೂಡುವ ಜಾಗಕ್ಕೆ ಬನ್ನಿ. ಅಲ್ಲಿ ಎರಡೂ ಬದಿಗೆ ಒಂದೊಂದು ಅಗಲವಾದ, ದುಂಡಗಿನ ಹಸಿರು ಹಾಳೆ ಅಂಟಿಕೊಂಡಿರುತ್ತದೆ. ಬೇರೆ ಎಷ್ಟೋ ಗಿಡಗಳಲ್ಲಿ ಆ ಭಾಗ ಸಣ್ಣದಾಗಿದ್ದು ಬೇಗ ಉದುರಿಹೋಗುತ್ತದೆ. ತಂಗಡಿಯಲ್ಲಿ ದೊಡ್ಡದಾಗಿ ಬೆಳೆದು ಉಳಿಯುತ್ತದೆ. ಹೂವಿಲ್ಲದ ತಂಗಡಿಯನ್ನೂ ಈಗ ಅದರ ಕಿವಿ ನೋಡಿ ಗುರುತಿಸಬಹುದು. ಫಲಕಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಇರಲಿಲ್ಲ.

ಕಡಲೆಯ ಹೆಸರು ಸೈಸರ್ ಏರಿಯೆಟಿನಮ್. ‘ಏರಿಯೀಸ್’ ಎಂದರೆ ಟಗರು. ಕಾಳು ಟಗರಿನ ತಲೆಯಂತಿದೆ, ಹೆಸರು ಬಂದದ್ದು ಅದರಿಂದಲೇ ಎಂದು ಒಂದನೆಯ ಶತಮಾನದಲ್ಲೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಲಿನೇಯಸ್ ಆ ಹಳೆಯ ಪದವನ್ನೇ ಉಳಿಸಿಕೊಂಡ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಸುಲಗಾಯಿ ಬಿಡಿಸಿ ನೋಡಿದೆ. ಹಸಿ ಕಾಳಿನಲ್ಲಿ ಮೂತಿ ಅಷ್ಟು ಎದ್ದು ಕಾಣುವುದಿಲ್ಲ. ಒಣಗಿದ ನಮ್ಮ ಜವಾರಿ ಕೆಂಪು ಕಡಲೆಯನ್ನು ಅಂಗೈಯಲ್ಲಿಟ್ಟು ಚೂಪು ತುದಿಯನ್ನು ಕೆಳಗೆ ಮಾಡಿ ಹಿಡಿಯಬೇಕು. ಆ ತುದಿಯೇ ಮೂತಿ. ಮೊಳಕೆಯೊಡೆದಾಗ ಬೇರು ಹೊರಬೀಳುವುದು ಅಲ್ಲಿಂದಲೇ. ಬೆನ್ನಿನ ಮೇಲೆ ಒಂದು ಗೆರೆ, ಅದರ ಎರಡೂ ಬದಿಗೆ ಉಬ್ಬಿಕೊಂಡು ಮುಂದಕ್ಕೆ ಸುತ್ತಿದ ಕೊಂಬು. ಟಗರಿನ ಕಾಳಗಕ್ಕೆ ಹೋಗಿಬಂದ ನಮ್ಮ ಕಾಕಾನಿಗೆ ಕಾಳು ಕೊಟ್ಟು, ‘ಇದರಲ್ಲಿ ಏನು ಕಾಣುತ್ತದೆ, ಕಾಕಾ?’ ಎಂದು ಕೇಳಿದೆ. ತಿರುಗಿಸಿ ತಿರುಗಿಸಿ ನೋಡಿ, ‘ಕೊಂಬು ಬಂದ ಮರಿ ಕಣೋ ತಮ್ಮಾ’ ಎಂದರು. ನಾನು ಹೆಸರಿನ ಅರ್ಥವನ್ನು ಅವರಿಗೆ ಇನ್ನೂ ಹೇಳಿರಲಿಲ್ಲ. ಅಂಗಡಿಯ ಕಾಬೂಲಿ ಕಡಲೆ ದುಂಡಗಾದ್ದರಿಂದ ಈ ತಲೆ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಫಲಕದಲ್ಲಿ ‘ಜವಾರಿ ಕಾಳು ನೋಡಿ’ ಎಂದೇ ಬರೆದಿದ್ದೇನೆ.

ಈ ಹಂಗಾಮಿನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಕುಸುಬೆ. ಕಾರ್ಥಾಮಸ್ ಟಿಂಕ್ಟೋರಿಯಸ್ ಎಂದರೆ ‘ಬಣ್ಣಗಾರರದು’. ನಮಗೆಲ್ಲ ಕುಸುಬೆ ಎಂದರೆ ಎಣ್ಣೆ. ಹೆಸರು ಎಣ್ಣೆಯ ಮಾತನ್ನೇ ಎತ್ತದೆ ಹೂವಿನ ಎಸಳಿಗೆ ಕರೆದೊಯ್ಯುತ್ತದೆ. ಎಸಳಿನಲ್ಲಿ ಎರಡು ಬಣ್ಣಗಳಿವೆ: ನೀರಿನಲ್ಲಿ ಕರಗುವ ಹಳದಿ, ಬರೀ ನೀರಿಗೆ ಬಗ್ಗದ ಕೆಂಪು. ಹಳದಿಯಿಂದ ಕೆಂಪಿಗೆ ತಿರುಗಿದ ಎಸಳುಗಳನ್ನು ಕಿತ್ತು (ಮುಳ್ಳು ಬಿಡುವುದಿಲ್ಲ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಬೇಕು) ನೆರಳಿನಲ್ಲಿ ಒಣಗಿಸಿದೆ. ಬಟ್ಟೆಯಲ್ಲಿ ಗಂಟು ಕಟ್ಟಿ ತಣ್ಣೀರಿನಲ್ಲಿ ಹಿಸುಕುತ್ತಾ ಹೋದರೆ ಮೊದಲು ಬರುವುದೆಲ್ಲ ಹಳದಿ. ನೀರು ತಿಳಿಯಾಗುವವರೆಗೆ ಬದಲಿಸುತ್ತಲೇ ಇರಬೇಕು. ಆಮೇಲೆ ಸ್ವಲ್ಪ ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಗಂಟನ್ನು ನೆನೆಸಿದಾಗ ಕಂದುಗೆಂಪು ರಸ ಇಳಿಯಿತು. ಅದಕ್ಕೆ ನಮ್ಮ ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಹಿಂಡಿದೆ. ನೊರೆ ಎದ್ದು ರಸದ ಬಣ್ಣ ಕಣ್ಣೆದುರಿಗೇ ತಿಳಿಗೆಂಪಾಯಿತು. ಬಿಳಿ ಹತ್ತಿ ಬಟ್ಟೆಯ ತುಂಡೊಂದನ್ನು ಅದರಲ್ಲಿ ಅದ್ದಿಟ್ಟೆ; ಎತ್ತಿದಾಗ ಗುಲಾಬಿ. ಕ್ಷಾರದಲ್ಲಿ ಕರಗುವ, ಹುಳಿ ಬಿದ್ದಾಗ ನೂಲಿಗೆ ಅಂಟುವ ಈ ಕೆಂಪಿಗೆ ಕಾರ್ಥಮಿನ್ ಎಂದು ಹೆಸರು. ಬಿಸಿಲಿಗೆ ಬೇಗ ಮಾಸುವ ಬಣ್ಣ ಇದು, ಹಾಗಾಗಿ ತುಂಡನ್ನು ಫಲಕಕ್ಕೆ ಕಟ್ಟದೆ ಪುಸ್ತಕದ ನಡುವೆ ಇಟ್ಟಿದ್ದೇನೆ.

ಕುಸುಬೆಯ ‘ಟಿಂಕ್ಟೋರಿಯಸ್’ ಪದವೇ ಇಂಡಿಗೋಫೆರಾ ಟಿಂಕ್ಟೋರಿಯಾದಲ್ಲಿ, ಅಂದರೆ ನೀಲಿ ಗಿಡದಲ್ಲಿ, ಸ್ತ್ರೀಲಿಂಗವಾಗಿ ಬರುತ್ತದೆ. ಕುಲದ ಹೆಸರಿನ ಲಿಂಗಕ್ಕೆ ತಕ್ಕಂತೆ ಗುಣವಾಚಕದ ತುದಿ ಬದಲಾಗಬೇಕೆಂಬುದು ಲ್ಯಾಟಿನ್ ವ್ಯಾಕರಣದ ನಿಯಮ. ಸಂಸ್ಕೃತ ಓದಿದವರಿಗೆ ಇದು ಹೊಸತೇನಲ್ಲ. ಆದರೆ ‘ಅಸ್’ ಎಂದು ಮುಗಿದ ಮಾತ್ರಕ್ಕೆ ಪುಲ್ಲಿಂಗವೆಂದು ಹೇಳುವಂತಿಲ್ಲ. ಲ್ಯಾಟಿನ್‌ನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿ ‘ಫೈಕಸ್ ರಿಲಿಜಿಯೋಸಾ’ ಆದದ್ದು, ಹುಣಸೆ ‘ಟ್ಯಾಮರಿಂಡಸ್ ಇಂಡಿಕಾ’ ಆದದ್ದು ಹೀಗೆ. ಎಳ್ಳು ನಪುಂಸಕವಾದ್ದರಿಂದ ‘ಸೆಸಮಮ್ ಇಂಡಿಕಮ್’. ‘ಸಟೈವಮ್’ ಎಂದರೆ ಬಿತ್ತಿ ಬೆಳೆದದ್ದು. ಕೊತ್ತಂಬರಿ, ಬೆಳ್ಳುಳ್ಳಿ ಎರಡಕ್ಕೂ ಅದೇ. ಅಂಥವುಗಳಿಗೆ ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ.

ಊರಿನ ಹೆಸರು ಹೊತ್ತ ಗಿಡಗಳು ನನ್ನ ನಾಲ್ಕನೆಯ ಸಾಲಿಗೆ ಒಗ್ಗುವುದಿಲ್ಲ. ಹುಣಸೆಯ ಕುಲನಾಮ ಅರಬ್ಬಿಯ ‘ತಮರ್ ಹಿಂದಿ’, ಭಾರತದ ಖರ್ಜೂರ. ಅದರ ಮೇಲೆ ಮತ್ತೆ ‘ಇಂಡಿಕಾ’. ಹೆಸರಿನಲ್ಲಿ ಎರಡು ಸಲ ಭಾರತ ಬಂದರೂ ಮರದ ಮೂಲ ಆಫ್ರಿಕ. ಇದನ್ನು ಮರದ ಮೇಲೆ ಎಲ್ಲಿ ನೋಡಿ ಎಂದು ಹೇಳುವುದು? ನಮ್ಮವರು ಮಾಡಿದ್ದೂ ಇದನ್ನೇ: ಅಮೆರಿಕ ಖಂಡದಿಂದ ಬಂದ ಜಾಲಿಗೆ ಬಳ್ಳಾರಿಯ ಹೆಸರು ಕೊಟ್ಟೆವು. ಆ ಬಳ್ಳಾರಿ ಜಾಲಿಯ ‘ಜೂಲಿಫ್ಲೋರಾ’ದಲ್ಲಿ ಜುಲೈ ತಿಂಗಳಿದೆ ಎಂದು ಮಕ್ಕಳು ಓದುತ್ತಾರೆ. ಅಲ್ಲಿರುವುದು ‘ಜೂಲಸ್’, ಅಂದರೆ ಜೋಲುವ ಸಣ್ಣ ಹೂತೆನೆ. ಅದಕ್ಕೆ ನಾಲ್ಕನೆಯ ಸಾಲು ಸಿಕ್ಕಿತು.

ಕರಿಜಾಲಿ ಕಲಿಸಿದ್ದು ಬೇರೆ. ಲಿನೇಯಸ್ ಇದನ್ನು ಮೈಮೋಸಾ ನೈಲೋಟಿಕಾ, ನೈಲ್ ನದಿಯದು, ಎಂದು ಕರೆದ. ಮುಂದೆ ಅದು ಅಕೇಶಿಯಾ ನೈಲೋಟಿಕಾ ಆಯಿತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಬಿಟ್ಟುಕೊಟ್ಟ ಮೇಲೆ ಇದೀಗ ವ್ಯಾಚೆಲಿಯಾ ನೈಲೋಟಿಕಾ. ಮನೆ ಬದಲಾದರೂ ಎರಡನೆಯ ಪದ ಹಾಗೆಯೇ ಉಳಿದಿದೆ. ಬಳ್ಳಾರಿ ಜಾಲಿಯೂ 2022ರಲ್ಲಿ ಪ್ರೊಸೋಪಿಸ್ ಬಿಟ್ಟು ನೆಲ್ಟುಮಾ ಕುಲಕ್ಕೆ ಹೋಗಿದೆ. ಹಾಗಾಗಿ ಕುಲನಾಮವನ್ನು ಬೇರೆ ಪಟ್ಟಿಯಲ್ಲಿ ಬರೆದು ಎರಡು ತಿರುಪಿನಿಂದ ಕೂಡಿಸುತ್ತಿದ್ದೇನೆ. ಮತ್ತೆ ಬದಲಾದರೆ ಪಟ್ಟಿಯಷ್ಟೇ ಹೊಸತು.

ವ್ಯಕ್ತಿಗಳ ಹೆಸರಿನ ಗಿಡಗಳೂ ಸಾಮಾನ್ಯವಾಗಿ ನನಗೆ ಸಪ್ಪೆ. ದಸರೆಯಲ್ಲಿ ಬಂಗಾರವೆಂದು ಹಂಚುವ, ಗಡಿ ಭಾಗದ ಮರಾಠಿ ಮಾತಿನವರು ಆಪಟಾ ಎನ್ನುವ ಅವಳಿ ಎಲೆಯ ಮರ ಮಾತ್ರ ಬೇರೆ. ಬೌಹಿನಿಯಾ ರೆಸಿಮೋಸಾ. ಯೋಹಾನ್ ಮತ್ತು ಕ್ಯಾಸ್ಪರ್ ಬೌಹಿನ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞ ಸಹೋದರರ ಹೆಸರು ಇದು. ಒಂದೇ ತೊಟ್ಟಿನಿಂದ ಹುಟ್ಟಿ ಎರಡಾಗಿ ಸೀಳಿದ ಎಲೆ ಅಣ್ಣತಮ್ಮಂದಿರಿಗೆ ತಕ್ಕದ್ದೆಂದು ಲಿನೇಯಸ್ ಮೆಚ್ಚಿಕೊಂಡಿದ್ದ. ಮನುಷ್ಯರ ಹೆಸರೂ ಎಲೆಯ ಗುರುತೂ ಹೀಗೆ ಕೂಡಿದ್ದು ಇದೊಂದರಲ್ಲೇ ನನಗೆ ಸಿಕ್ಕಿದೆ.

ಮರಕ್ಕೆ ಮೊಳೆ ಹೊಡೆಯುವುದಿಲ್ಲ ಎಂಬ ಕರಾರು ಮೊದಲಿನಿಂದಲೂ ಇದೆ. ತಂತಿ ಸುತ್ತಿದರೆ ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಇಳಿಯುತ್ತದೆ. ಆದ್ದರಿಂದ ಫಲಕಗಳೆಲ್ಲ ಈಗ ಬುಡದ ಪಕ್ಕದ ಗೂಟದ ಮೇಲೆ.

ಬಾಕಿ ಇರುವುದು ಗೋರಖ ಹುಣಸೆ, ಅಡಾನ್ಸೋನಿಯಾ ಡಿಜಿಟೇಟಾ. 1749ರಲ್ಲಿ ಸೆನೆಗಲ್‌ಗೆ ಹೋಗಿ ಗಿಡಗಳನ್ನು ಅಭ್ಯಾಸ ಮಾಡಿದ ಫ್ರಾನ್ಸಿನ ಮಿಶೆಲ್ ಅಡಾನ್ಸನ್ ಗೌರವಾರ್ಥ ಲಿನೇಯಸ್ ಇಟ್ಟ ಹೆಸರು. ಲಿನೇಯಸ್‌ನ ಪದ್ಧತಿಯನ್ನೇ ಒಪ್ಪದ ಅಡಾನ್ಸನ್ ತನ್ನ ಗ್ರಂಥದಲ್ಲಿ ‘ಬಾವೊಬಾಬ್’ ಎಂದೇ ಬರೆದ. ‘ಡಿಜಿಟೇಟಾ’ ಎಂದರೆ ಬೆರಳುಳ್ಳದ್ದು: ಒಂದೇ ಬಿಂದುವಿನಿಂದ ಐದೋ ಏಳೋ ಎಲೆಗಳು ಹರಡಿರುತ್ತವೆ. ಎಳೆಯ ಸಸಿಯಲ್ಲಿ ಎಲೆ ಬಿಡಿಯಾಗಿದ್ದು, ಬೆರಳುಗಳು ಬರುವುದು ಆಮೇಲೆ. ಈಗ ಮರ ಬೋಳಾಗಿದೆ. ಮುಂಗಾರು ಬಂದು ಎಲೆ ಒಡೆದ ಮೇಲೆ ಕೈಯಾರೆ ಎಣಿಸಿ ನಾಲ್ಕನೆಯ ಸಾಲು ಬರೆಯುತ್ತೇನೆ. ಅಲ್ಲಿಯವರೆಗೆ ಮೊದಲ ಮೂರು ಸಾಲುಗಳ ಬಣ್ಣ ಒಣಗಲಿ. ನಿಮ್ಮ ಊರಿನಲ್ಲಿ ಈ ಮರಕ್ಕೆ ಬೇರೆ ಹೆಸರಿದ್ದರೆ ತಿಳಿಸಿ, ಮೊದಲ ಸಾಲಿನಲ್ಲಿ ಇನ್ನೂ ಜಾಗವಿದೆ.